ಅದಿರಿನ ನಾಡಿನಲ್ಲಿ ಹಸಿದ ಸೈಕಸ್

ಬಳ್ಳಾರಿಯಲ್ಲಿ ಮನೆಯಂಗಳದ ಗಿಡಗಳ ಆಸಕ್ತರು ಸೇರಿದ್ದ ಒಂದು ಭಾನುವಾರದ ಬೆಳಿಗ್ಗೆ ಆಡಿದ ಮಾತುಗಳಿವು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಗೆ ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹಿಂದೆ ಕೂತವರಿಗೂ ಕಾಣಲಿ ಅಂತ ಎರಡು ಗರಿ ಎತ್ತಿ ಹಿಡಿದಿದ್ದೇನೆ. ಎರಡೂ ಒಂದೇ ಗಿಡದವು, ತಾಳೆಯ ಹಾಗೆ ಗರಿ ಬಿಡುವ ಅಲಂಕಾರದ ಗಿಡ. ನಮ್ಮ ಮನೆ ಮೆಟ್ಟಿಲ ಪಕ್ಕದ ಸೈಕಸ್‌ನವು. ಎಡಗೈಯಲ್ಲಿರುವುದು ಮೂರು ವರ್ಷದ ಹಿಂದಿನ ಸುಳಿಯಲ್ಲಿ ಬಂದದ್ದು: ಗಿಡ್ಡ, ಹಳದಿ, ಎಲೆಯ ತುದಿಗಳೆಲ್ಲ ಬೆಂಕಿ ತಾಗಿದ ಹಾಗೆ ಸುರುಟಿವೆ. ಬಲಗೈಯಲ್ಲಿರುವುದು ಈ ವರ್ಷದ್ದು. ಕಡು ಹಸಿರು, ಎಣ್ಣೆ ಸವರಿದಂಥ ಹೊಳಪು, ಮುಟ್ಟಿದರೆ ಚುಚ್ಚುತ್ತದೆ. ಹಸಿರು ಗರಿಯನ್ನು ನಾನು ಕತ್ತರಿಸಿ ತಂದದ್ದಲ್ಲ, ಮೊನ್ನೆಯ ಗಾಳಿಗೆ ಮುರಿದು ಬಿದ್ದದ್ದು. ಹಸಿರು ಗರಿ ಕತ್ತರಿಸಬಾರದು ಅಂತ ಮುಂದೆ ನಾನೇ ಹೇಳುವವನಿದ್ದೇನೆ, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಈ ಎರಡು ಗರಿಗಳ ನಡುವೆ ಏನಾಯಿತು ಅನ್ನುವುದೇ ಇವತ್ತಿನ ನನ್ನ ಮಾತು.

ದಾಸವಾಳ, ಗುಲಾಬಿ, ಕರಿಬೇವು ವಾರ ವಾರಕ್ಕೂ ಹೊಸ ಚಿಗುರು ತೋರಿಸುತ್ತವೆ. ನೀರು ಕಮ್ಮಿಯಾದರೆ ಸಂಜೆಗೆ ಬಾಡುತ್ತವೆ, ಹಾಕಿದರೆ ಬೆಳಿಗ್ಗೆ ಎದ್ದು ನಿಲ್ಲುತ್ತವೆ. ಸೈಕಸ್ ಹಾಗಲ್ಲ. ವರ್ಷಕ್ಕೊಮ್ಮೆ, ಗಿಡ ಬಲವಾಗಿದ್ದರೆ ಅಪರೂಪಕ್ಕೆ ಎರಡು ಸಲ, ನೆತ್ತಿಯ ನಡುವಿನಿಂದ ಇಡೀ ಒಂದು ಸುತ್ತು ಗರಿಗಳು ಒಟ್ಟಿಗೇ ಏಳುತ್ತವೆ. ಮೊದಲು ಮಸುಕು ತುಪ್ಪಳ ಹೊದ್ದ ಕಡ್ಡಿಗಳ ಹಾಗೆ ಕಾಣುತ್ತವೆ. ಆಮೇಲೆ ಪ್ರತಿ ಕಡ್ಡಿಯ ಎರಡೂ ಬದಿಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಎಳೆ ಎಲೆಗಳು ಬಿಚ್ಚಿಕೊಳ್ಳುತ್ತವೆ. ಕೆಲವು ವಾರಗಳಲ್ಲಿ ಎಲ್ಲವೂ ಗಟ್ಟಿಯಾಗಿ, ಆ ವರ್ಷದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಹಾಗೆ ಬಂದ ಗರಿ ಎರಡು-ಮೂರು ವರ್ಷ ಗಿಡದ ಮೇಲಿರುತ್ತದೆ. ಸುಳಿ ಕೆಟ್ಟರೆ ಆ ಕೆಟ್ಟ ಸುತ್ತನ್ನು ಅಷ್ಟು ದಿನ ನೋಡುತ್ತಲೇ ಇರಬೇಕು. ಸೈಕಸ್ ಸಾಕುವುದೆಂದರೆ, ಇನ್ನೂ ಕಾಣದ ಮುಂದಿನ ಸುಳಿಗಾಗಿ ಇವತ್ತು ಕೆಲಸ ಮಾಡುವುದು. ನಾನು ಇದನ್ನು ಕಲಿಯಲು ಹತ್ತು ವರ್ಷ ತೆಗೆದುಕೊಂಡೆ, ಎರಡು ಗಿಡ ಕಳೆದುಕೊಂಡೆ.

ನರ್ಸರಿಯಲ್ಲಿ ಇದನ್ನು ಸೈಕಸ್ ಪಾಮ್ ಅಂತಾರೆ, ಸಾಗೋ ಪಾಮ್ ಅಂತಲೂ ಅಂತಾರೆ. ಇದು ತಾಳೆ, ತೆಂಗು, ಈಚಲಿನ ಬಳಗದ್ದಲ್ಲ. ಹೂವು ಬಿಡುವ ಗಿಡಗಳು ಭೂಮಿಯ ಮೇಲೆ ಬರುವುದಕ್ಕೂ ಬಹಳ ಮುಂಚೆ ಇದ್ದ ಕುಲ ಇದು. ಹಣ್ಣಿನ ಹೊದಿಕೆಯಿಲ್ಲದೆ ಬೀಜವನ್ನು ಬರಿದಾಗಿ ಹೊರುವ ಅನಾವೃತ ಬೀಜ ಸಸ್ಯ. ಡೈನೋಸಾರ್‌ಗಳ ಕಾಲದಲ್ಲಿ ಇದರ ಬಳಗ ಭೂಮಿಯ ಉದ್ದಗಲಕ್ಕೂ ಹರಡಿತ್ತು. ನಾವು ಸಾಮಾನ್ಯವಾಗಿ ಮನೆ ಮುಂದೆ ಇಡುವುದು ಸೈಕಸ್ ರಿವೊಲ್ಯೂಟಾ. ಎಲೆಯ ಅಂಚು ಕೆಳಗೆ ಮಡಚಿಕೊಂಡಿರುವುದರಿಂದ ಆ ಹೆಸರು. 1782ರಲ್ಲಿ ಥುನ್‌ಬೆರ್ಗ್ ಅನ್ನುವ ಸ್ವೀಡನ್ನಿನ ಸಸ್ಯವಿಜ್ಞಾನಿ ಇಟ್ಟದ್ದು. ಜಪಾನಿನ ದಕ್ಷಿಣದ ದ್ವೀಪಗಳು ಇದರ ತವರು.

ಆ ತವರಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ತಪ್ಪುಗಳೆಲ್ಲ ಅದನ್ನು ಅರ್ಧ ತಿಳಿದುಕೊಂಡದ್ದರಿಂದ ಆಗಿವೆ. ಅಮಾಮಿ ದ್ವೀಪದ ಕಡೆ ವರ್ಷಕ್ಕೆ 2,500 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಬಳ್ಳಾರಿಯಲ್ಲಿ 500-600ರ ಆಸುಪಾಸು. ಇದನ್ನು ಕೇಳಿದ ಕೂಡಲೇ ಪಾಪ ಗಿಡಕ್ಕೆ ನೀರು ಸಾಲುತ್ತಿಲ್ಲ ಅನಿಸುತ್ತದೆ. ಆದರೆ ಅಲ್ಲಿ ಇದು ನಿಂತಿರುವುದು ಸಮುದ್ರದಂಚಿನ ಕಡಿದಾದ ಬಂಡೆಗಳ ಸಂದಿಯಲ್ಲಿ. ಎಷ್ಟು ಮಳೆ ಸುರಿದರೂ ಬೇರಿನ ಹತ್ತಿರ ನೀರು ನಿಲ್ಲುವುದಿಲ್ಲ. ನಮ್ಮ ಕೋಟೆ ಗುಡ್ಡದ ಬಂಡೆ ನೋಡಿದ್ದೀರಲ್ಲ, ಅಂಥ ಇಳಿಜಾರಿನಲ್ಲಿ ಬೇರೂರುವ ಗಿಡವನ್ನು ತಂದು ನಾವು ಎರೆ ಭೂಮಿಯಲ್ಲಿ ಗುಂಡಿ ತೋಡಿ ಇಡುತ್ತೇವೆ.

ನನ್ನ ಮೊದಲ ಗಿಡ ಸತ್ತದ್ದು ಹಾಗೇ. ಅಂಗಳದಲ್ಲಿ ಎರೆ ಮಣ್ಣು. ಎರೆಯಲ್ಲಿ ನೀರು ನಿಲ್ಲುತ್ತೆ ಅಂತ ಗೊತ್ತಿತ್ತು, ಅದಕ್ಕೆ ಎರಡು ಅಡಿ ಗುಂಡಿ ತೋಡಿ, ಎರೆ ತೆಗೆದು, ಮರಳು ಮತ್ತು ಗೊಬ್ಬರ ತುಂಬಿ ನೆಟ್ಟೆ. ಎರಡು ವರ್ಷ ಚೆನ್ನಾಗಿತ್ತು. ಮೂರನೇ ವರ್ಷ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಸುತ್ತಲಿನ ಎರೆ ಉಬ್ಬಿ ಬಿಗಿಯಾಗಿ, ನನ್ನ ಮರಳಿನ ಗುಂಡಿ ತಳದಲ್ಲಿ ತೂತಿಲ್ಲದ ಬಾನಿಯಾಯಿತು. ಮೇಲೆ ಮಣ್ಣು ಒಣಗಿದಂತೆ ಕಂಡರೂ ಒಳಗೆ ನೀರು ನಿಂತೇ ಇತ್ತು. ಗರಿಗಳು ಮಾತ್ರ ಹಸಿರಾಗೇ ಇದ್ದವು. ದೀಪಾವಳಿಗೆ ಅಂಗಳ ಸಾರಿಸುವಾಗ ಕೈ ತಾಗಿತು, ಗಡ್ಡೆ, ಅಂದರೆ ಗರಿಗಳ ಕೆಳಗಿನ ದಪ್ಪ ಕಾಂಡ, ಮೆತ್ತಗೆ, ಮಾಗಿದ ಸೀತಾಫಲದ ಹಾಗೆ ಒಳಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ.

ಎರೆ ಭೂಮಿ ಇರುವವರು ದಯವಿಟ್ಟು ಗುಂಡಿ ತೋಡಬೇಡಿ. ನೆಲದ ಮೇಲೆ ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿ, ಅದರೊಳಗೆ ಗರಸು, ಮಸಾರಿ ಅಂದರೆ ಕೆಂಪು ಮಣ್ಣು ತುಂಬಿ ನೆಡಿ. ಕುಂಡವಾದರೆ ಎರಡು ಪಾಲು ಮಸಾರಿ ಮಣ್ಣು, ಎರಡು ಪಾಲು ದಪ್ಪ ಮರಳು ಇಲ್ಲವೇ ಸಣ್ಣ ಜಲ್ಲಿ, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಎಂ ಸ್ಯಾಂಡ್ ಬಳಸುವವರು ಅದರ ಪುಡಿಯನ್ನು ತೊಳೆದು ತೆಗೆಯಿರಿ, ಇಲ್ಲದಿದ್ದರೆ ಅದೇ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಗಡ್ಡೆಯ ಅರ್ಧಕ್ಕಿಂತ ಹೆಚ್ಚು ಮಣ್ಣಿನ ಮೇಲಿರಲಿ. ಗಡ್ಡೆ ಮುಚ್ಚಿ ಸುತ್ತ ಗೊಬ್ಬರ ಗುಡ್ಡೆ ಹಾಕುವ ಅಭ್ಯಾಸ ತುಂಬಾ ಕಡೆ ನೋಡಿದ್ದೇನೆ, ಅದು ಕೊಳೆಗೆ ದಾರಿ.

ನೀರು ಎಷ್ಟು ದಿನಕ್ಕೊಮ್ಮೆ ಅಂತ ಎಲ್ಲರೂ ಕೇಳುತ್ತಾರೆ. ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಊದುಬತ್ತಿ ಕಡ್ಡಿಯಷ್ಟು ತೆಳುವಾದ ಬಿದಿರು ಕಡ್ಡಿಯನ್ನು ಕುಂಡದಲ್ಲಿ ನಾಲ್ಕು ಬೆರಳು ಆಳಕ್ಕೆ ಚುಚ್ಚಿ ತೆಗೆಯಿರಿ. ಹಸಿ ಮಣ್ಣು ಅಂಟಿಕೊಂಡು ಬಂದರೆ ಬೇಡ, ಕಡ್ಡಿ ಒಣಗಿ ಬಂದರೆ ಹಾಕಿ. ನಮ್ಮ ಮಾಳಿಗೆ ಮೇಲಿನ ಕುಂಡಗಳಿಗೆ ಏಪ್ರಿಲ್-ಮೇನಲ್ಲಿ ವಾರಕ್ಕೆ ಎರಡು ಸಲ ಬೇಕಾಗುತ್ತದೆ, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಹಾಕುವಾಗ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ಆದರೆ ನೆತ್ತಿಗೆ ಸುರಿಯಬೇಡಿ. ಇನ್ನು ಬಿಸಿಲು. ಸೈಕಸ್‌ಗೆ ಬಿಸಿಲು ಬೇಕು, ನಮ್ಮ 42 ಡಿಗ್ರಿಯನ್ನೂ ತಡೆಯುತ್ತದೆ. ತಡೆಯದೆ ಇರುವುದು ಕಾದ ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಬೇರು. ಮಣ್ಣಿನ ಕುಂಡಕ್ಕೆ ಬದಲಾಯಿಸಿ, ಆಗದಿದ್ದರೆ ಕುಂಡಕ್ಕೆ ಗೋಣಿ ಸುತ್ತಿ. ನರ್ಸರಿಯ ಹಸಿರು ಪರದೆಯ ಕೆಳಗೆ ಬೆಳೆದ ಗಿಡವನ್ನು ಏಪ್ರಿಲಿನಲ್ಲಿ ತಂದು ನೇರ ಬಿಸಿಲಿಗಿಟ್ಟರೆ ಎರಡೇ ದಿನಕ್ಕೆ ಗರಿ ಬಿಳಿಚಿ ಸುಡುತ್ತದೆ. ಮೋಡ ಇರುವ ಜುಲೈ-ಆಗಸ್ಟಿನಲ್ಲಿ ತನ್ನಿ, ಸ್ವಲ್ಪ ಸ್ವಲ್ಪವೇ ಹೊರಗೆ ಸರಿಸಿ.

ಈಗ ಈ ಹಳದಿ ಗರಿಯ ವಿಷಯಕ್ಕೆ ಬರುತ್ತೇನೆ.

ಜಪಾನೀ ಭಾಷೆಯಲ್ಲಿ ಸೈಕಸ್‌ಗೆ ಸೊತೆತ್ಸು ಅಂತಾರೆ. ಬರೆಯುವ ಎರಡು ಅಕ್ಷರಗಳ ಅರ್ಥ ಕೇಳಿದರೆ ನೀವು ಬೆರಗಾಗುತ್ತೀರಿ: ಒಂದು, ಮರುಜೀವ ಪಡೆಯುವುದು, ಇನ್ನೊಂದು, ಕಬ್ಬಿಣ. ಸೊರಗಿದ ಗಿಡಕ್ಕೆ ಕಬ್ಬಿಣದ ಮೊಳೆ ಹೊಡೆದರೆ, ಬುಡಕ್ಕೆ ಕಬ್ಬಿಣದ ಚೂರು ಹಾಕಿದರೆ ಅದು ಮತ್ತೆ ಚಿಗುರುತ್ತದೆ ಅನ್ನುವ ನಂಬಿಕೆ ಅಲ್ಲಿಯದು. ಕಬ್ಬಿಣದಿಂದ ಬದುಕುವ ಗಿಡ ಅನ್ನುವ ಹೆಸರಿನದನ್ನು ಸಂಡೂರಿನ ಬೆಟ್ಟಗಳ ಪಕ್ಕದಲ್ಲಿ ಬೆಳೆಸುತ್ತಿರುವವರು ನಾವು. ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರೂ ಇದೆ, ಮ್ಯಾಂಗನೀಸ್ ಅದಿರೂ ಇದೆ. ತೋರಣಗಲ್ಲಿನ ಕಡೆ ಮನೆ ಇರುವವರ ಗಿಡದ ಮೇಲೆ ಅದಿರಿನ ಕೆಂಪು ಧೂಳೇ ಕೂತಿರುತ್ತದೆ. ಆದರೂ ನಮ್ಮ ಊರಿನ ಅಂಗಳಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತೊಂದರೆ ಈ ಎರಡರ ಹಸಿವು: ಕಬ್ಬಿಣ ಮತ್ತು ಮ್ಯಾಂಗನೀಸ್.

ಕಾರಣ ಮಣ್ಣಿನ ಕ್ಷಾರ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಹುಳಿ-ಕ್ಷಾರದ ಅಳತೆಯಾದ ಪಿಎಚ್ 8 ಅಥವಾ ಅದಕ್ಕೂ ಮೇಲೆ. ಅಂಥ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಎಷ್ಟಿದ್ದರೂ ಕರಗದ ರೂಪಕ್ಕೆ ತಿರುಗುತ್ತವೆ. ಬೇರು ಕುಡಿಯುವುದು ನೀರಿನಲ್ಲಿ ಕರಗಿದ್ದನ್ನು ಮಾತ್ರ. ಕಣಜ ತುಂಬಿದೆ, ಬಾಗಿಲಿಗೆ ಬೀಗ. ಕುಂಡದಲ್ಲಿ ಮಸಾರಿ ಮಣ್ಣೇ ತುಂಬಿದ್ದರೂ ನಾವು ಹಾಕುವ ಬೋರ್ ನೀರು ಅದನ್ನು ವರ್ಷದೊಳಗೆ ಎರೆಯ ಗುಣಕ್ಕೆ ತರುತ್ತದೆ. ಕುಂಡದ ಹೊರಮೈಯಲ್ಲಿ ಬಿಳಿ ಪಟ್ಟೆ ಕಾಣುತ್ತದಲ್ಲ, ಅದೇ ಸಾಕ್ಷಿ. ಅದರ ಮೇಲೆ ನಾವು ಒಳ್ಳೆಯದೆಂದು ಒಲೆಯ ಬೂದಿ, ಮೊಟ್ಟೆಯ ಚಿಪ್ಪಿನ ಪುಡಿ ಹಾಕುತ್ತೇವೆ. ಎರಡೂ ಕ್ಷಾರವನ್ನೇ ಹೆಚ್ಚಿಸುತ್ತವೆ. ಮಲೆನಾಡಿನ ಹುಳಿ ಮಣ್ಣಿಗೆ ಹೇಳಿದ ಉಪಾಯ ನಮ್ಮ ನೆಲಕ್ಕೆ ಹೊಂದುವುದಿಲ್ಲ.

ಹಳದಿ ಎಲ್ಲಿ ಬಂದಿದೆ ಅಂತ ಮೊದಲು ನೋಡಿ. ಕೆಳಗಿನ ಹಳೆಯ ಸುತ್ತು ಮಾತ್ರ ಹಳದಿಯಾಗಿ ಒಣಗುತ್ತಿದ್ದರೆ ವಯಸ್ಸಾಗಿರಬಹುದು, ಅಥವಾ ಪೊಟ್ಯಾಶ್, ಮೆಗ್ನೀಸಿಯಂ ಕಮ್ಮಿಯಾಗಿರಬಹುದು. ಹೊಸ ಸುಳಿಯೇ ಹಳದಿಯಾಗಿ, ಗಿಡ್ಡವಾಗಿ, ತುದಿ ಸುರುಟಿ ಬಂದರೆ ಅದು ಮ್ಯಾಂಗನೀಸಿನ ಹಸಿವು. ನನ್ನ ಎಡಗೈಯಲ್ಲಿದ್ದ ಗರಿ ಅದೇ. ಇದನ್ನು ಗುರುತಿಸಿ ಗೊಬ್ಬರದ ಅಂಗಡಿಗೆ ಹೋಗಿ ಮ್ಯಾಂಗನೀಸ್ ಸಲ್ಫೇಟ್ ಕೇಳಿದೆ. ಪೊಟ್ಟಣ ತಂದೆ, ಹಾಕಿದೆ, ಒಂದು ವರ್ಷ ಕಾದೆ. ಮುಂದಿನ ಸುಳಿ ಇನ್ನೂ ಕೆಟ್ಟದಾಗಿ ಬಂತು. ಆಮೇಲೆ ಪೊಟ್ಟಣದ ಚೀಟಿ ಓದಿದರೆ ಮೆಗ್ನೀಸಿಯಂ ಸಲ್ಫೇಟ್. ಹೆಸರು ಹತ್ತಿರ, ವಸ್ತು ಬೇರೆ. ಒಂದು ಅಕ್ಷರದ ಏರುಪೇರಿಗೆ ಗಿಡದ ಒಂದು ಇಡೀ ವರ್ಷ ಹೋಯಿತು. ಮ್ಯಾಂಗನೀಸ್ ಸಲ್ಫೇಟ್ ತೆಳು ಗುಲಾಬಿ ಬಣ್ಣದ ಪುಡಿ, ಮೆಗ್ನೀಸಿಯಂ ಸಲ್ಫೇಟ್ ಬಿಳಿ ಹರಳು. ಅಂಗಡಿಯಲ್ಲೇ ಬಿಚ್ಚಿಸಿ ನೋಡಿ.

4 ಲೀಟರ್ ನೀರಿಗೆ ಒಂದು ಟೀ ಚಮಚ ಮ್ಯಾಂಗನೀಸ್ ಸಲ್ಫೇಟ್ ಕರಗಿಸಿ, ತಿಂಗಳಿಗೊಮ್ಮೆಯಂತೆ ಮೂರು ತಿಂಗಳು, ಸಂಜೆ ಹೊತ್ತು ಗರಿಗಳಿಗೆ ಸಿಂಪಡಿಸಿ. ಕಬ್ಬಿಣಕ್ಕೆ ಚೀಲೇಟ್ ರೂಪದ್ದು, ಅಂದರೆ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವಂಥದ್ದು ಬೇಕು. ಅದರಲ್ಲಿಯೂ ಇಡಿಟಿಎ ಅನ್ನುವುದು ಕ್ಷಾರ ಮಣ್ಣಿನಲ್ಲಿ ಬೇಗ ಕೆಡುತ್ತದೆ, ಇಡಿಡಿಎಚ್‌ಎ ಅನ್ನುವುದು ನಿಲ್ಲುತ್ತದೆ. ಬೆಲೆ ಹೆಚ್ಚು, ಆದರೆ ಕುಂಡಕ್ಕೆ ಬೇಕಾಗುವುದು ಚಿಟಿಕೆ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ತಿಂಗಳಿಗೊಮ್ಮೆಯಾದರೂ ಆ ನೀರನ್ನು ಕುಂಡದಿಂದ ಹರಿದು ಹೋಗುವ ಹಾಗೆ ಧಾರಾಳ ಹಾಕಿ. ಕೂತ ಉಪ್ಪು ತೊಳೆದು ಹೋಗುತ್ತದೆ. ಮೊಳೆ ಮಾತ್ರ ಹೊಡೆಯಬೇಡಿ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಕೊರತೆ ಇಲ್ಲ, ಕರಗುವುದಕ್ಕೆ ಅಡ್ಡಿ ಇದೆ. ಮೊಳೆಯಿಂದ ಕಾಂಡಕ್ಕೆ ಗಾಯ ಉಳಿಯುತ್ತದೆ.

ಇಷ್ಟು ಮಾಡಿದರೂ ಹಳದಿ ಗರಿ ಹಸಿರಾಗುವುದಿಲ್ಲ. ಇದನ್ನು ಹೇಳದೆ ಇದ್ದರೆ ನೀವು ಎರಡು ತಿಂಗಳಿಗೆ ಔಷಧಿ ಬದಲಾಯಿಸುತ್ತೀರಿ. ಫಲ ಕಾಣುವುದು ಮುಂದಿನ ಸುಳಿಯಲ್ಲಿ. ನನ್ನ ಬಲಗೈಯಲ್ಲಿದ್ದ ಹಸಿರು ಗರಿ ಹೋದ ವರ್ಷದ ಕೆಲಸದ್ದು.

ಇನ್ನು ಸುಳಿ ಬರುವ ಆ ಕೆಲವು ವಾರಗಳ ಮಾತು. ನನ್ನ ಗಿಡದಲ್ಲಿ ಸುಳಿ ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ ಏಳುತ್ತದೆ. ಆಗ ಕುಂಡವನ್ನು ತಿರುಗಿಸಬೇಡಿ, ಜಾಗ ಬದಲಿಸಬೇಡಿ. ಎಳೆ ಗರಿ ಬೆಳಕಿನ ಕಡೆ ಬಾಗುತ್ತಿರುತ್ತದೆ. ಕುಂಡ ತಿರುಗಿಸಿದರೆ ಮತ್ತೆ ಆ ಕಡೆ ತಿರುಚಿಕೊಂಡು, ಗಟ್ಟಿಯಾದ ಮೇಲೆ ಹಾಗೇ ಸೊಟ್ಟಗೆ ನಿಲ್ಲುತ್ತದೆ. ನೆರಳಲ್ಲಿದ್ದರೆ ಉದ್ದಕ್ಕೆ ಜೋಲು ಬೀಳುತ್ತದೆ. ಮುಟ್ಟಬೇಡಿ, ಧೂಳು ಒರೆಸಬೇಡಿ. ಮಕ್ಕಳಿಗೆ ಆ ಮೆತ್ತನೆಯ ತುಪ್ಪಳ ಮುಟ್ಟಬೇಕು ಅನಿಸುತ್ತದೆ, ದೂರದಿಂದ ತೋರಿಸಿ.

ಅದೇ ವಾರಗಳಲ್ಲಿ ಒಂದು ಪುಟ್ಟ ನೀಲಿ ಚಿಟ್ಟೆ ನಿಮ್ಮ ಗಿಡದ ಸುತ್ತ ತಿರುಗುತ್ತಿದ್ದರೆ ಗಮನ ಕೊಡಿ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಹಿಂದಿನ ರೆಕ್ಕೆಗೆ ದಾರದಂಥ ಬಾಲ, ಬಾಲದ ಹತ್ತಿರ ಕಪ್ಪು ಚುಕ್ಕೆ. ಪ್ಲೇನ್ಸ್ ಕ್ಯೂಪಿಡ್ ಅಂತ ಅದರ ಹೆಸರು, ನಮ್ಮ ದೇಶದ್ದೇ. ಹೆಣ್ಣು ಚಿಟ್ಟೆ ಆಗಷ್ಟೇ ಎದ್ದ ಸುಳಿಯ ಮೇಲೆ ಮೊಟ್ಟೆ ಇಡುತ್ತದೆ. ಹುಳುಗಳು ಹಸಿರು ಇಲ್ಲವೇ ಕಂದುಗೆಂಪು. ಎಳೆ ಎಲೆಯನ್ನು ಮಾತ್ರ ತಿನ್ನುತ್ತವೆ, ಗಟ್ಟಿಯಾದ ಮೇಲೆ ಅವಕ್ಕೆ ಬೇಡ. ಹಾಗಾಗಿ ಎರಡು-ಮೂರು ವಾರದ ಒಳಗೇ ಎಲ್ಲ ಮುಗಿದುಹೋಗುತ್ತದೆ. ವಾರಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಸುಳಿಯ ಜಾಗದಲ್ಲಿ ಬರೀ ಕಡ್ಡಿಗಳು ನಿಂತಿರುತ್ತವೆ. ಇರುವೆ ಹತ್ತಿದ್ದರೆ ಅದೂ ಸುಳಿವು. ಹುಳು ಸಿಹಿ ರಸ ಒಸರುತ್ತದೆ, ಅದನ್ನು ಕುಡಿಯುವ ಇರುವೆಗಳು ಹುಳುವನ್ನು ಕಾವಲು ಕಾಯುತ್ತವೆ. ಇರುವೆ ನೋಡಿ ಬರೀ ಇರುವೆ ಪುಡಿ ಹಾಕಿ ಸುಮ್ಮನಾದವರನ್ನು ಬಲ್ಲೆ.

ಈ ಚಿಟ್ಟೆಯನ್ನು ಕೊಲ್ಲುವುದು ನನಗೆ ಇಷ್ಟವಿಲ್ಲ. ಕಾಡಿನ ಸೈಕಸ್‌ಗಳ ಜೊತೆ ಅದು ಬದುಕಿಕೊಂಡು ಬಂದಿದೆ. ಸುಳಿ ತಲೆಯೆತ್ತುತ್ತಿದ್ದಂತೆ ನಾಲ್ಕು ಕೋಲು ನೆಟ್ಟು ಹಳೆಯ ಸೊಳ್ಳೆ ಪರದೆ ಹೊದಿಸುತ್ತೇನೆ, ಗರಿಗೆ ತಾಗದ ಹಾಗೆ, ಎತ್ತರಕ್ಕೆ. ಗರಿ ಗಟ್ಟಿಯಾದ ಮೇಲೆ ತೆಗೆಯುತ್ತೇನೆ. ಮೊಟ್ಟೆ ಆಗಲೇ ಬಿದ್ದಿದ್ದರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ, ಸೂರ್ಯ ಮುಳುಗಿದ ಮೇಲೆ ಸಿಂಪಡಿಸಿ. ಹಗಲು ಹೊಡೆದರೆ ನಮ್ಮ ಬಿಸಿಲಿಗೆ ಎಣ್ಣೆಯೇ ಎಲೆಯನ್ನು ಸುಡುತ್ತದೆ. ಗರಿಯ ಅಡಿಯಲ್ಲಿ ಬಿಳಿ ಹಿಟ್ಟು ಉದುರಿಸಿದಂತೆ ಶಲ್ಕ ಕೀಟ ಕಂಡರೂ ಇದೇ ಎಣ್ಣೆ, ಹತ್ತು ದಿನಕ್ಕೊಮ್ಮೆ. ಶಲ್ಕ ಕೀಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಥೈಲ್ಯಾಂಡ್ ಕಡೆಯ ಒಂದು ಜಾತಿ ಅಲಂಕಾರದ ಸೈಕಸ್‌ಗಳ ಜೊತೆ ಊರೂರು ದಾಟಿ 2003ರಲ್ಲಿ ಗುವಾಮ್ ದ್ವೀಪ ಸೇರಿತು. ಅಲ್ಲಿನ ಕಾಡಿನಲ್ಲಿ ಎಲ್ಲೆಲ್ಲೂ ಇದ್ದ ಸೈಕಸ್ ಮೈಕ್ರೊನೇಸಿಕಾ ಕೆಲವೇ ವರ್ಷದಲ್ಲಿ ಅಳಿವಿನಂಚಿಗೆ ಬಂತು.

ಕುಂಡ ಬದಲಿಸುವವರಿಗೆ ಒಂದು ಎಚ್ಚರಿಕೆ. ಮಣ್ಣಿನ ಮೇಲ್ಭಾಗದಲ್ಲಿ ಹವಳದ ಹಾಗೆ ಕವಲೊಡೆದ ಗಂಟು ಗಂಟು ಬೇರುಗಳು ಕಾಣುತ್ತವೆ. ಕೆಲವು ಮಣ್ಣಿನಿಂದ ಮೇಲಕ್ಕೇ ಎದ್ದಿರುತ್ತವೆ. ಗಂಟು ರೋಗ ಅಂತ ಕತ್ತರಿಸಬೇಡಿ. ಒಂದನ್ನು ಅಡ್ಡ ಕೊಯ್ದು ನೋಡಿದರೆ ಒಳಗೆ ನೀಲಿ ಹಸಿರಿನ ಉಂಗುರ ಇರುತ್ತದೆ. ನೀಲಿ ಹಸಿರು ಪಾಚಿ ಅಂತ ನಾವು ಕರೆಯುವ ಸೂಕ್ಷ್ಮಜೀವಿಗಳು ಅಲ್ಲಿ ಮನೆ ಮಾಡಿ, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಶೇಂಗಾದ ಬೇರಿನ ಗಂಟು ನಮ್ಮ ರೈತರಿಗೆ ಗೊತ್ತು. ಇದು ಅದೇ ಕೆಲಸ, ಜೀವಿ ಬೇರೆ. ಯೂರಿಯಾ ಸುರಿಯುವ ಅಗತ್ಯ ಇದಕ್ಕಿಲ್ಲ.

ಮುಂದಿನದನ್ನು ಗಟ್ಟಿಯಾಗಿ ಹೇಳುತ್ತೇನೆ. ಸೈಕಸ್ ವಿಷದ ಗಿಡ. ಗರಿ, ಗಡ್ಡೆ, ಬೇರು ಎಲ್ಲದರಲ್ಲೂ ಸೈಕಾಸಿನ್ ಅನ್ನುವ ವಿಷವಿದೆ, ಬೀಜದಲ್ಲಿ ಅತಿ ಹೆಚ್ಚು. ಕಿತ್ತಳೆ ಕೆಂಪಿನ ಬೀಜ, ಅಡಿಕೆಗಿಂತ ಸ್ವಲ್ಪ ದಪ್ಪ, ಮಕ್ಕಳ ಕಣ್ಣಿಗೆ ಬೀಳುವಂಥದ್ದು. ನಾಯಿಗೆ ಒಂದೆರಡು ಬೀಜ ಸಾಕು. ಮೊದಲು ವಾಂತಿ, ಆಮೇಲೆ ಸುಧಾರಿಸಿದಂತೆ ಕಂಡು, ಎರಡು ಮೂರು ದಿನದಲ್ಲಿ ಯಕೃತ್ತು ಕೆಡುತ್ತದೆ. ಅಗಿದದ್ದು ಕಂಡ ಕೂಡಲೇ ಪಶುವೈದ್ಯರ ಹತ್ತಿರ ಓಡಬೇಕು, ಕಾಯಬಾರದು. ಕತ್ತರಿಸಿದ ಗರಿಗಳನ್ನು ಆಡು, ದನ ತಿರುಗುವ ಕಡೆ ಎಸೆಯಬೇಡಿ. ಬೀಜ ಬಿಡುವ ಗಿಡ ಮನೆಯಲ್ಲಿದ್ದರೆ ಬೀಜ ಬಲಿಯುವ ಮುಂಚೆಯೇ ಕೈಗವಸು ಹಾಕಿ ತೆಗೆದುಬಿಡಿ.

ಸಾಗೋ ಅನ್ನುವ ಹೆಸರು ಕೇಳಿ, ಶ್ರಾವಣದ ಉಪವಾಸಕ್ಕೆ ಮಾಡುವ ಸಾಬೂದಾನಿ ಇದರದ್ದೇ ಅಂತ ತಿಳಿದವರಿದ್ದಾರೆ. ಅಲ್ಲ. ನಮ್ಮ ಸಾಬೂದಾನಿ ಮರಗೆಣಸಿನದು, ಹೆಚ್ಚಿನದು ಸೇಲಂ ಕಡೆಯಿಂದ ಬರುತ್ತದೆ. ಆದರೆ ಸೈಕಸ್ ಗಡ್ಡೆಯಲ್ಲೂ ಪಿಷ್ಟ ಇರುವುದು ನಿಜ. ಜಪಾನಿನ ಆ ದ್ವೀಪಗಳವರು ಅದನ್ನು ಕೊಚ್ಚಿ, ಹುದುಗಿಸಿ, ಮತ್ತೆ ಮತ್ತೆ ತೊಳೆದು ವಿಷ ಕಳೆದು ತಿನ್ನುವುದನ್ನು ಕಲಿತಿದ್ದರು. 1920ರ ದಶಕದಲ್ಲಿ ಸಕ್ಕರೆ ಬೆಲೆ ಕುಸಿದು ಓಕಿನಾವಾದಲ್ಲಿ ಹಸಿವು ಬಿದ್ದಾಗ ಜನ ಇದನ್ನೇ ತಿಂದು ಬದುಕಿದರು, ಸರಿಯಾಗಿ ತೊಳೆಯಲಾಗದೆ ಸತ್ತವರೂ ಇದ್ದರು. ಆ ಕಾಲಕ್ಕೆ ಅಲ್ಲಿ ಸೈಕಸ್ ನರಕ ಅನ್ನುವ ಹೆಸರೇ ಇದೆ. 1876ರ ಧಾತು ಬರದ ಕತೆಗಳನ್ನು ಅಜ್ಜ-ಅಜ್ಜಿಯರಿಂದ ಕೇಳಿದ ನಮ್ಮ ಜಿಲ್ಲೆಯವರಿಗೆ ಇದು ದೂರದ ಮಾತು ಅನಿಸಲಾರದು. ಅಂಗಳದಲ್ಲಿ ಶೋಗೆ ಇಟ್ಟ ಗಿಡವನ್ನು ನೋಡುವಾಗ ನನಗೆ ಆ ಹಸಿದ ಜನ ಆಗಾಗ ನೆನಪಾಗುತ್ತಾರೆ.

ಗಂಡು ಹೆಣ್ಣಿನ ವಿಷಯ. ಸೈಕಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹದಿನೈದು ವರ್ಷವೋ ಅದಕ್ಕಿಂತ ಹೆಚ್ಚೋ ಆಗಿ ಶಂಕು ಬರುವ ತನಕ ಹೇಳಲಾಗದು. ಗಂಡಿಗೆ ನೆತ್ತಿಯಿಂದ ಮುಸುಕಿನ ಜೋಳದ ದೊಡ್ಡ ತೆನೆಯ ಹಾಗೆ ಹಳದಿ ಶಂಕು ಏಳುತ್ತದೆ, ಜೋರು ವಾಸನೆ. ಹೆಣ್ಣಿಗೆ ಕಂದು ಉಣ್ಣೆಯ ಗುಮ್ಮಟ. ಶಂಕು ಬಂದ ವರ್ಷ ಗರಿಯ ಸುಳಿ ಬರದೆ ಹೋಗಬಹುದು, ಗಿಡ ಸತ್ತಿತು ಅಂತ ಹೆದರಬೇಡಿ. 1896ರಲ್ಲಿ ಇಕೆನೊ ಅನ್ನುವ ಜಪಾನೀ ವಿಜ್ಞಾನಿ ಇದೇ ಸೈಕಸ್‌ನಲ್ಲಿ ಈಜುವ ವೀರ್ಯಾಣುಗಳನ್ನು ಕಂಡರು. ಬೀಜ ಬಿಡುವ ಗಿಡದಲ್ಲಿ, ಪಾಚಿ ಮತ್ತು ಜರೀಗಿಡಗಳ ಹಾಗೆ ಈಜುವ ವೀರ್ಯಾಣು! ಅಂಗಳದ ಕುಂಡದೊಳಗೆ ಅಷ್ಟು ಹಳೆಯ ಕಾಲ ಇನ್ನೂ ನಡೆಯುತ್ತಿದೆ.

ನಮ್ಮ ದೇಶದಲ್ಲೂ ಸೈಕಸ್‌ಗಳಿವೆ. ಪಶ್ಚಿಮ ಘಟ್ಟದಲ್ಲಿ ಸೈಕಸ್ ಸರ್ಸಿನಾಲಿಸ್ ಅನ್ನುವ ಜಾತಿ ಇದೆ. ಇನ್ನೊಂದರ ಹತ್ತಿರಕ್ಕೆ ನಮ್ಮಲ್ಲಿ ಬಹಳ ಮಂದಿ ವರ್ಷ ವರ್ಷ ಹೋಗಿ ಬರುತ್ತಾರೆ, ಅದನ್ನು ಕಾಣದೆ. ತಿರುಮಲದ ಬೆಟ್ಟಗಳಲ್ಲಿ, ಕಡಪದ ಕಡೆಯ ಒಣ ಗುಡ್ಡಗಳಲ್ಲಿ ಸೈಕಸ್ ಬೆಡ್ಡೋಮಿ ಇದೆ, ಆ ಪ್ರದೇಶ ಬಿಟ್ಟು ಬೇರೆಲ್ಲೂ ಇಲ್ಲ. ಬೆಡ್ಡೋಮ್ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದವರು; ಆಗ ನಮ್ಮ ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು. ಗಂಡು ಶಂಕುಗಳನ್ನು ಔಷಧಿಗೆಂದು ಕಿತ್ತು, ಬೆಂಕಿ ಬಿದ್ದು, ಅದು ಅಳಿವಿನಂಚಿನಲ್ಲಿದೆ. ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಬೆಟ್ಟದ ಸೈಕಸ್ ತಂದು ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ ಅನ್ನಿ. ನರ್ಸರಿಯ ರಿವೊಲ್ಯೂಟಾ ಬೇಕಾದಷ್ಟು ಸಿಗುತ್ತದೆ.

ಇನ್ನು ಪ್ರಶ್ನೆಗಳು.

ಮದುವೆ ಮಂಟಪದ ಅಲಂಕಾರಕ್ಕೆ ಗರಿ ಕೇಳುತ್ತಾರೆ, ಕೊಡಬಹುದೇ ಅಂತ ಒಬ್ಬರು ಕೇಳಿದರು. ಪೂರ್ತಿ ಒಣಗಿದ ಗರಿಯನ್ನು ಮಾತ್ರ ತೆಗೆಯಿರಿ ಅನ್ನುವುದು ನನ್ನ ಉತ್ತರ. ಹಳದಿ ಗರಿಯನ್ನೂ ಬಿಡಿ, ಅದರಲ್ಲಿ ಉಳಿದ ಸತ್ವವನ್ನು ಗಿಡ ವಾಪಸು ಎಳೆದುಕೊಳ್ಳುತ್ತಿರುತ್ತದೆ. ಒಂದು ಸುತ್ತು ಹಸಿರು ಕತ್ತರಿಸಿದರೆ ಮುಂದಿನ ಸುಳಿ ಚಿಕ್ಕದಾಗುತ್ತದೆ. ಮದುವೆ ಒಂದು ದಿನದ್ದು, ಗರಿ ಮೂರು ವರ್ಷದ್ದು.

ಕುಂಡದಲ್ಲಿ ಎಷ್ಟು ವರ್ಷ ಇರಬಲ್ಲದು ಅಂತ ಇನ್ನೊಬ್ಬರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದಕ್ಷಿಣ ಆಫ್ರಿಕಾದಿಂದ 1775ರಲ್ಲಿ ತಂದ ಇದೇ ಬಳಗದ ಗಿಡವೊಂದು ಇವತ್ತಿಗೂ ಕುಂಡದಲ್ಲೇ ಇದೆ. ಅದು ಅಲ್ಲಿ ಶಂಕು ಬಿಟ್ಟದ್ದು ಒಂದೇ ಸಲ, 1819ರಲ್ಲಿ. ನಿಮ್ಮ ಮೊಮ್ಮಕ್ಕಳಿಗೆ ಬರೆದಿಟ್ಟು ಹೋಗಬಹುದಾದ ಗಿಡ ಇದು.

ಗಡ್ಡೆ ಮೆತ್ತಗಾಗಿದೆ, ಉಳಿಸಬಹುದೇ? ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಒಂದು ಬದಿ ಮಾತ್ರ ಮೆತ್ತಗಿದ್ದರೆ ಕಿತ್ತು, ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವವರೆಗೂ ಕೊಯ್ದು, ಗಂಧಕದ ಪುಡಿ ಸವರಿ, ನೆರಳಲ್ಲಿ ಒಂದೆರಡು ವಾರ ಒಣಗಿಸಿ ಮರಳಿನಲ್ಲಿ ಇಡಿ. ಬದುಕಿದರೆ ಬದುಕಿತು. ಸುತ್ತಲೂ ಮೆತ್ತಗಿದ್ದರೆ ಬದಿಯಲ್ಲಿ ಮರಿ ಏನಾದರೂ ಇದೆಯೇ ಅಂತ ಹುಡುಕಿ.

ಮರಿಯ ಮಾತು ಬಂದದ್ದು ಒಳ್ಳೆಯದಾಯಿತು. ಈ ಗೋಣಿಯಲ್ಲಿ ಐದು ಮರಿಗಳಿವೆ, ನಮ್ಮ ಮೆಟ್ಟಿಲ ಪಕ್ಕದ ಗಿಡದವೇ. ಹತ್ತು ದಿನದ ಹಿಂದೆ ತಾಯಿ ಗಡ್ಡೆಯಿಂದ ಬಿಡಿಸಿ, ಗರಿಗಳನ್ನೆಲ್ಲ ಕತ್ತರಿಸಿ, ಗಾಯ ಒಣಗಲೆಂದು ಇಟ್ಟಿದ್ದೆ. ಈಗ ನೋಡಿದರೆ ಈರುಳ್ಳಿ ಗಡ್ಡೆಯ ಹಾಗೆ ಕಾಣುತ್ತವೆ, ಜೀವ ಇದೆಯೇ ಅನಿಸುತ್ತದೆ. ಬೇಕಾದವರು ತೆಗೆದುಕೊಂಡು ಹೋಗಿ. ಅರ್ಧ ಗಡ್ಡೆ ಮೇಲಿರುವ ಹಾಗೆ ದಪ್ಪ ಮರಳಿನಲ್ಲಿ ನೆಡಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ, ಮರಳು ಒಣಗಿದ ಮೇಲೆ ಸ್ವಲ್ಪವೇ ನೀರು ಕೊಡಿ. ಬೇರು ಬಂತೇ ಅಂತ ಕಿತ್ತು ನೋಡಬೇಡಿ. ಮೂರು ತಿಂಗಳು ಏನೂ ಕಾಣದಿರಬಹುದು, ಆರು ತಿಂಗಳೂ ಆಗಬಹುದು. ಗಡ್ಡೆ ಗಟ್ಟಿಯಾಗಿರುವವರೆಗೆ ಕುಂಡ ಖಾಲಿ ಮಾಡಬೇಡಿ, ಸೊಳ್ಳೆ ಪರದೆ ಹುಡುಕಿಟ್ಟುಕೊಳ್ಳಿ.